ಸೂಜಿಯ ತುದಿ

ಕೆಳಗಿನ ಮನೆಯ ಅಮ್ಮನವರಿಗೆ,

ಮಹಡಿಯ ಬಾಡಿಗೆಯವಳ ನಮಸ್ಕಾರ. ಮೆಟ್ಟಿಲ ಮೇಲೆ ನಿಂತು ಕೇಳಿದರೆ ಮಾತು ಬೆಳೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕನ ಮನೆಗೆ ಹೊರಟ ದಿನ ನನ್ನ ಹೊಲಿಗೆ ಯಂತ್ರದ ಸೂಜಿ ಮೊಂಡಾಗಿತ್ತು. ದಾರ ಎಳೆ ಬಿಡುತ್ತಿತ್ತು, ಕೌದಿಯ ಮೂರು ಪದರ ಚುಚ್ಚುವಾಗ ಟಕ್ ಟಕ್ ಎನ್ನುತ್ತಿತ್ತು. ಬಂದ ಮೇಲೆ ಬದಲಿಸೋಣ ಎಂದು ಹಾಗೇ ಬಿಟ್ಟು ಹೋದೆ. ಬಂದು ನೋಡಿದರೆ ಹೊಸ ಸೂಜಿ! ಅದೂ ತೆಳು ಅಂಗಿ ಹೊಲಿಯುವಂಥದ್ದು. ಕೌದಿಗೆ ಅದನ್ನು ನಾನು ಕನಸಿನಲ್ಲೂ ಹಾಕುವುದಿಲ್ಲ.

"ರೂಮಿಗೆ ಯಾರಾದ್ರೂ ಬಂದಿದ್ರಾ ಅಮ್ಮ?" ಎಂದಷ್ಟೇ ಕೇಳಿದೆ. "ಅಯ್ಯೋ, ನಿನ್ನ ಸೂಜಿ ನಾನ್ಯಾಕೆ ಮುಟ್ಲಿ? ಇಲಿ ಗಿಲಿ ಬಂದಿರ್ಬೇಕು" ಎಂದಿರಿ. ಸೂಜಿಯ ಮಾತನ್ನು ನಾನು ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸೂಜಿ ಬದಲಿಸಿ ಸ್ಕ್ರೂ ಬಿಗಿ ಮಾಡುವ ಇಲಿಯನ್ನು ನಾನಂತೂ ಕಂಡಿಲ್ಲ. ಇನ್ನೊಂದು ಬೀಗದ ಕೈ ಇರುವುದೂ ನಿಮ್ಮ ಹತ್ತಿರವೇ.

ಕೌದಿಯ ಅಂಚಿನಲ್ಲಿ ಒಂದು ಸಾಲು ಸೊಟ್ಟಗೆ ಓಡಿ, ನಡುವೆ ನಿಂತುಬಿಟ್ಟಿದೆ. ಹಳೆಯ ಸೂಜಿ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಅದಕ್ಕೆ ತುದಿಯಿಲ್ಲ.

ನಿಮ್ಮ ಮೊಮ್ಮಗುವಿಗೆಂದು ನೀವೇ ಹೇಳಿ ಮಾಡಿಸುತ್ತಿರುವ ಕೌದಿ ಇದು. ಅಜ್ಜಿಯ ಕೈಯದೂ ಒಂದು ಸಾಲಿರಲಿ ಎಂಬ ಆಸೆ ತಪ್ಪಲ್ಲ, ಅದನ್ನು ಬಿಚ್ಚುವ ಮನಸ್ಸು ನನಗೂ ಇಲ್ಲ. ನೀವು ಒಪ್ಪಿಕೊಳ್ಳುವುದೂ ಬೇಡ. ಮುರಿದ ತುದಿ ನಿಮಗೆ ಸಿಕ್ಕಿದ್ದರೆ ಕಾಗದದಲ್ಲಿ ಸುತ್ತಿ ನನ್ನ ಬಾಗಿಲ ಬಳಿ ಇಟ್ಟುಬಿಡಿ. ಸಿಕ್ಕಿಲ್ಲವಾದರೆ ಅದು ಕೌದಿಯೊಳಗೇ ಇದೆ. ಆಗ ಮಾತ್ರ ಇಲಿಯ ಮೇಲೆ ಹಾಕಬೇಡಿ ಅಮ್ಮ. ಆ ಕೌದಿಯ ಮೇಲೆ ಮಲಗುವುದು ನಿಮ್ಮ ಮೊಮ್ಮಗು.

ಇತಿ,
ಮಹಡಿಯ ಕೌದಿಯವಳು