ಮೀನಿಗೆ ಕಾಂಬ ದೋಣಿ

ಅಪ್ಪಯ್ಯ,

ನೀವು ತೀರಿಕೊಂಡು ಆರು ವರ್ಷವಾಯಿತು. ಈ ಕಾಗದ ನಿಮಗೆ ಮುಟ್ಟುವುದಿಲ್ಲವೆಂದು ಗೊತ್ತು. ಆದರೂ ಇವತ್ತು ನನ್ನ ಎರಡನೇ ತರಗತಿಯಲ್ಲಿ ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಚಿತ್ರದ ಪಿರಿಯಡ್‌ನಲ್ಲಿ ದೋಣಿ ಬಿಡಿಸಲು ಹೇಳಿದ್ದೆ. ಎಲ್ಲರೂ ನಾನು ಬೋರ್ಡಿನ ಮೇಲೆ ಬರೆದದ್ದನ್ನೇ ನೋಡಿ ಬಿಡಿಸಿದರು. ಪ್ರಣೀತಾ ಎಂಬ ಹುಡುಗಿ ಮಾತ್ರ ಹಾಳೆಯ ತುಂಬ ಹಸಿರು ಬಳಿದು, ನಡುವೆ ಉದ್ದನೆಯ ಎಲೆಯಂಥದ್ದೊಂದನ್ನು ಕೆಂಪಗೆ ಬರೆದಿದ್ದಳು.

"ಇದೆಂತ ಹೆಣ್ಣೇ? ದೋಣಿ ಎಲ್ಲಿತ್?" ಎಂದೆ.

"ಇದೇ ದೋಣಿ ಟೀಚರ್. ಮೀನ್ ಕೆಳ್ಗ್ ಇಪ್ಪುದಲ್ದಾ? ಅದ್ಕೆ ಹೀಂಗೇ ಕಾಂಬುದ್."

ತಕ್ಷಣ ನೀವು ನೆನಪಾದಿರಿ. ಹಂಗಾರಕಟ್ಟೆಯ ಬಂದರಿನಲ್ಲಿ ದೋಣಿಗಳಿಗೆ ಬಣ್ಣ ಬಳಿಯುವಾಗ ನೀವು ನೆಲದಲ್ಲಿ ಮಲಗಿ, ಅಡಿಭಾಗಕ್ಕೂ ಅಷ್ಟೇ ನಯವಾಗಿ ಬ್ರಷ್ ಆಡಿಸುತ್ತಿದ್ದಿರಿ. ನೀರೊಳಗೆ ಹೋಗುವುದನ್ನು ಯಾರು ನೋಡುತ್ತಾರೆಂದು ನಾನು ನಗುತ್ತಿದ್ದೆ. ಏಳು ವರ್ಷದ ಈ ಹುಡುಗಿ ನೋಡಿದ್ದಳು.

ಬೋರ್ಡಿನ ಮೇಲಿನ ನನ್ನ ದೋಣಿಯನ್ನು ಒರೆಸಿ, ಎಲ್ಲರೂ ಮೀನಿನ ಹಾಗೆ ಕೆಳಗಿನಿಂದ ನೋಡಿ ಬರೆಯಿರಿ ಎಂದೆ. ಮಕ್ಕಳೆಲ್ಲ ಬೆಂಚುಗಳ ಕೆಳಗೆ ಅಂಗಾತ ಮಲಗಿ, ಕಂಡದ್ದನ್ನು ಬರೆಯತೊಡಗಿದರು. ನಾನೂ ಸೆರಗು ಸಿಕ್ಕಿಸಿಕೊಂಡು ಅವರ ನಡುವೆ ಮಲಗಿದೆ. ಹದಿನಾಲ್ಕು ವರ್ಷ ಪಾಠ ಮಾಡಿದ ಕೋಣೆ ನನಗೆ ಗುರುತೇ ಸಿಗಲಿಲ್ಲ.

ಪಕ್ಕದಲ್ಲಿದ್ದ ಪ್ರಣೀತಾ ಕೇಳಿದಳು, "ದೋಣಿಗೆ ಬಣ್ಣ ಹಾಕುದ್ ಯಾರ್ ಟೀಚರ್?"

"ನನ್ನ ಅಪ್ಪಯ್ಯ" ಎಂದೆ.

ಕಲಿಯುವಾಗಲೂ, ಕಲಿಸುವಾಗಲೂ ನಾಚಿ ಮುಚ್ಚಿಟ್ಟಿದ್ದ ಆ ಮಾತನ್ನು ಶಾಲೆಯೊಳಗೆ ನಾನು ಹೇಳಿದ್ದು ಇವತ್ತೇ ಮೊದಲು.