ಗಾಳಿಯಂತ್ರಕ್ಕೆ ಹೊಲಿದ ಚೀಲ

ದಿನವೂ ವಿಹಾರ ಮುನ್ಸೂಚನೆಗೆ ಸಹಿ ಹಾಕುವ ಮಾನ್ಯರೇ,

ಕಳೆದ ಬೇಸಿಗೆಯ ಕೊನೆಯ ಭಾನುವಾರ ನಮ್ಮ ಕೆರೆಯಲ್ಲಿ ದೋಣಿ ಮಗುಚಿ ಒಬ್ಬರು ಸತ್ತರು. ಸತ್ತವರು ನನ್ನ ಗಂಡ. ಅದಕ್ಕೆ ದೋಣಿಕಟ್ಟೆಯ ಕಾವಲುಗಾರನ ಬೇಜವಾಬ್ದಾರಿಯೇ ಕಾರಣ ಎಂದು ನಿಮ್ಮ ಹವಾಮಾನ ಕಚೇರಿ ವರದಿ ಬರೆದಿದೆ. ಆ ಕಾವಲುಗಾರ ನನ್ನ ಒಡಹುಟ್ಟಿದ ಅಣ್ಣ. ವರದಿ ಸುಳ್ಳು. ಸುಳ್ಳೆಂದು ನಿಮಗೆ ಗೊತ್ತಿದೆ, ನನಗೂ ಈಚೆಗೆ ಗೊತ್ತಾಗಿದೆ, ಇನ್ನು ಊರಿಗೆ ಗೊತ್ತಾಗಬೇಕಾದದ್ದಷ್ಟೇ ಬಾಕಿ. ಇದನ್ನು ಮುಖತಃ ಹೇಳಲು ಎರಡು ಸಲ ಬಂದಿದ್ದೆ. ಎರಡು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು, ಅರೆತೆರೆದ ಬಾಗಿಲಿನಿಂದ ನಿಮ್ಮ ಮೇಜು ನೋಡಿ ಹೋದೆ. ಕಿಟಕಿ ತೆರೆದಿತ್ತು. ಒಂದೊಂದು ಕಾಗದದ ಕಟ್ಟಿನ ಮೇಲೂ ಒಂದೊಂದು ಗಾಜಿನ ಗುಂಡು ಇಟ್ಟಿದ್ದಿರಿ. ಗಾಳಿಗೆ ಏನು ಮಾಡಬೇಕು ಎನ್ನುವುದು ತಮಗೆ ತಿಳಿಯದ ವಿಷಯವೇನಲ್ಲ ಎಂದು ಆಗಲೇ ಸಮಾಧಾನಪಟ್ಟುಕೊಂಡೆ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಕೆರೆಗೆ ಹೋಗುವ ರಸ್ತೆಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಅಂಗಿ, ಪ್ಯಾಂಟು ಹೊಲಿಯುವ ಅಂಗಡಿಯಲ್ಲ, ದಪ್ಪ ಬಟ್ಟೆಯ ಕೆಲಸ. ದೋಣಿಯ ಹಾಯಿ, ಅಂಗಡಿ ಮುಂದಿನ ಬಿಸಿಲುಪರದೆ, ಲಾರಿಯ ಟಾರ್ಪಾಲು. ಕಟ್ಟೆಯ ಮೇಲೆ ಹಾರುವ ಕೆಂಪು ಬಾವುಟ, ಹಸಿರು ಬಾವುಟ ಎರಡನ್ನೂ ಇಪ್ಪತ್ತಾರು ವರ್ಷದಿಂದ ಹೊಲಿದವಳು ನಾನೇ. ನಿಮ್ಮ ಕಚೇರಿಗೂ ಒಮ್ಮೆ ಒಂದು ಕೆಲಸ ಮಾಡಿಕೊಟ್ಟಿದ್ದೇನೆ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ಅಣ್ಣ ಆ ಕಟ್ಟೆಯನ್ನು ಮೂವತ್ತೊಂದು ವರ್ಷ ಕಾದ. ನಮ್ಮ ಕೆರೆಯ ಪಡುವಣಕ್ಕೆ ಎರಡು ಗುಡ್ಡಗಳಿವೆ, ನಡುವೆ ಒಂದು ಕಂಡಿ. ಮಧ್ಯಾಹ್ನ ಮೂರರ ಮೇಲೆ ಗಾಳಿ ಆ ಕಂಡಿಯಿಂದ ಇಳಿದರೆ ನೀರಿಗೆ ಬೀಳುವುದು ಒಂದೇ ಏಟಿಗೆ. ಊರೊಳಗೆ ಎಲೆ ಅಲ್ಲಾಡದ ಹೊತ್ತಿನಲ್ಲೂ ಇಲ್ಲಿ ದೋಣಿ ತಿರುಗಿಬಿಡುತ್ತದೆ. ಅಣ್ಣನ ಹತ್ತಿರ ಇದಕ್ಕೊಂದು ಉಪಾಯವಿತ್ತು. ದಿನವೂ ಊಟವಾದ ಮೇಲೆ ಟವೆಲನ್ನು ನೀರಿಗೆ ಅದ್ದಿ, ಹಿಂಡದೆ, ಕಟ್ಟೆಯ ಕಂಬಿಯ ಮೇಲೆ ಹಾಕುತ್ತಿದ್ದ. "ಒಣಗಿದ್ ಬಟ್ಟೆ ಯಾರ್ ಊದಿದ್ರೂ ಏಳುತ್ತೆ. ಒದ್ದೆ ಟವೆಲ್ ಕಂಬಿ ಬಿಟ್ಟು ಎದ್ರೆ ಅದು ಗಾಳಿ" ಎನ್ನುತ್ತಿದ್ದ. ಟವೆಲ್ ಎದ್ದರೆ ಕೆಂಪು ಬಾವುಟ. ಆಮೇಲೆ ಯಾರು ಏನೇ ಹೇಳಲಿ, ದೋಣಿ ಬಿಡುತ್ತಿರಲಿಲ್ಲ. ದೋಣಿ ಗುತ್ತಿಗೆದಾರರು ಬೈಯುತ್ತಿದ್ದರು, ರಜೆಗೆ ಬಂದವರು ಗೊಣಗುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಒಂದೂ ಹೆಣ ಬಿದ್ದಿರಲಿಲ್ಲ. ಇದು ವಿಜ್ಞಾನವಲ್ಲ, ಒಪ್ಪುತ್ತೇನೆ.

ವಿಜ್ಞಾನ ಬಂದದ್ದು ಹೋದ ವರ್ಷ, ನಿಮ್ಮ ಸುತ್ತೋಲೆಯ ರೂಪದಲ್ಲಿ. ಹೊರಾಂಗಣ ವಿಹಾರಕ್ಕೆ ಹೋಗುವ ಸಾರ್ವಜನಿಕರ ಅನುಕೂಲಕ್ಕಾಗಿ ತಾವು ದಿನವೂ ಬೆಳಗ್ಗೆ ಒಂದು ಮುನ್ಸೂಚನೆ ಹೊರಡಿಸಲು ಶುರುಮಾಡಿದಿರಿ. ಪೇಪರಿನ ಮೂಲೆಯಲ್ಲಿ ಒಂದು ದುಂಡು ಮುಖ. ಹಸಿರಾಗಿ ನಕ್ಕರೆ ವಿಹಾರಕ್ಕೆ ಅನುಕೂಲ, ಹಳದಿಯಾಗಿ ತುಟಿ ಬಿಗಿದರೆ ಎಚ್ಚರ, ಕೆಂಪಾಗಿ ಅತ್ತರೆ ಬೇಡ. ಕೆಳಗೆ ಎರಡು ಸಾಲು: "ಲಘುವಾದ ಗಾಳಿ, ಕೆಲವೆಡೆ ಬಿರುಸಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು." ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಇಷ್ಟು ಅಂದವಾಗಿ ಯಾರೂ ಮಾಡಲಾರರು. ಹೋಗಲಿ ಬಿಡಿ, ಆಕಾಶದ ಮಾತು, ತಪ್ಪಬಹುದು. ಆದರೆ ಸುತ್ತೋಲೆಯ ನಾಲ್ಕನೇ ಕಲಮು ಆಕಾಶದ್ದಲ್ಲ, ತಮ್ಮದೇ. "ಬಾವುಟದ ಬಣ್ಣವು ಕಚೇರಿಯ ಮುನ್ಸೂಚನೆಗೆ ಅನುಗುಣವಾಗಿರತಕ್ಕದ್ದು. ಟವೆಲ್ ಮುಂತಾದ ಖಾಸಗಿ ವಸ್ತುಗಳ ಆಧಾರದ ಮೇಲೆ ದೋಣಿವಿಹಾರವನ್ನು ತಡೆಹಿಡಿಯತಕ್ಕದ್ದಲ್ಲ." ಒಂದು ಟವೆಲಿಗೆ ಸರ್ಕಾರಿ ಭಾಷೆಯಲ್ಲಿ ಇಷ್ಟು ದೊಡ್ಡ ಗೌರವ ಸಿಕ್ಕಿದ್ದು ಇದೇ ಮೊದಲಿರಬೇಕು. ಅಣ್ಣ ಎರಡು ಸಲ ನಗುಮುಖದ ದಿನವೂ ಕೆಂಪು ಏರಿಸಿದ. ಎರಡು ಮೆಮೊ ಬಂತು. ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು ಎಂದು ಎರಡನೆಯದರಲ್ಲಿ ಬರೆದಿತ್ತು. ಅದನ್ನು ಅವನು ನನ್ನ ಅಂಗಡಿಗೆ ತಂದು ತೋರಿಸಿ, "ನಿವೃತ್ತಿಗೆ ಇನ್ನೊಂದೂವರೆ ವರ್ಷ ಕಣೇ" ಎಂದಿದ್ದ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಅದಕ್ಕೆ ಮುಂಚಿನ ಎಂಟು ದಿನ ಮತ್ತು ಆ ಭಾನುವಾರ, ಒಟ್ಟು ಒಂಬತ್ತು ದಿನ, ನಿಮ್ಮ ಮುನ್ಸೂಚನೆ ನಗುತ್ತಲೇ ಇತ್ತು. ಗಾಳಿ: ಶಾಂತ. ಗಾಳಿ: ಶಾಂತ. ಪೇಪರುಗಳನ್ನು ಎತ್ತಿಟ್ಟಿದ್ದೇನೆ, ಒಂಬತ್ತೂ ಇವೆ. ಆ ವಾರ ನನ್ನ ಅಂಗಡಿಯ ಪರದೆ ಹಗ್ಗ ಕಿತ್ತುಕೊಂಡು ಎದುರಿನ ಔಷಧಿ ಅಂಗಡಿಯ ಬೋರ್ಡಿಗೆ ಹೊಡೆದಿತ್ತು. ಮುಚ್ಚಿದ ಕಪಾಟಿನೊಳಗಾದರೂ ಒಂಬತ್ತು ದಿನ ಗಾಳಿ ಹೀಗೆ ಸತ್ತು ಮಲಗುತ್ತದೆಯೇ? ಸೊನ್ನೆಯ ಕೆಳಗೆ ಸೊನ್ನೆ ಬರೆಯುತ್ತ ಹೋದ ನಿಮ್ಮ ಸಿಬ್ಬಂದಿಯಲ್ಲಿ ಒಬ್ಬರಿಗೂ ಕಿಟಕಿಯಾಚೆ ನೋಡಬೇಕೆನಿಸಲಿಲ್ಲವೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡಿದ್ದೆ. ಕರುವಿಗೆ ಒಂಬತ್ತು ದಿನ ಹುಲ್ಲು ಹಾಕಿದವರನ್ನು ಕಂಡಿರಲಿಲ್ಲ.

ನನ್ನ ಯಜಮಾನರು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿ ನಿವೃತ್ತರಾದವರು. ಭಾನುವಾರ ಮಧ್ಯಾಹ್ನ ಒಬ್ಬರೇ ಹುಟ್ಟು ಹಾಕಿಕೊಂಡು ಕೆರೆಯ ನಡುವಿಗೆ ಹೋಗಿ ಬರುವುದೊಂದೇ ಅವರ ಶೋಕಿ. ಅಂದು ಹೊರಟಾಗ ಅಂಗಡಿಯ ತಗಡು ಸದ್ದು ಮಾಡುತ್ತಿತ್ತು. ನಾನು ಪೇಪರು ನೋಡಿ, "ಹೋಗಿ ಬನ್ನಿ, ನಗುಮುಖ ಹಾಕಿದ್ದಾರೆ" ಎಂದೆ. ಅವರು ಚಪ್ಪಲಿ ಮೆಟ್ಟುತ್ತ, "ಅಚ್ಚಾಗಿದ್ದೆಲ್ಲ ನಂಬಬೇಡ್ವೇ, ನಲವತ್ತು ವರ್ಷ ಅಚ್ಚು ಹಾಕಿದೋನು ನಾನು. ಭಾವನ ಬಾವುಟ ನೋಡ್ಕೊಂಡು ಇಳೀತೀನಿ" ಎಂದರು. ಅದು ಅವರು ನನ್ನೊಡನೆ ಆಡಿದ ಕೊನೆಯ ಮಾತು. ನಿಮ್ಮ ಮುನ್ಸೂಚನೆಯನ್ನು ಅವರು ನಂಬಿರಲಿಲ್ಲ. ನಂಬಿದ್ದು ಬಾವುಟವನ್ನು. ಆ ಬಾವುಟವನ್ನು ತಾವು ಮೊದಲೇ ನಿಮ್ಮ ಮುನ್ಸೂಚನೆಯ ಬಾಲಕ್ಕೆ ಕಟ್ಟಿದ್ದಿರಿ.

ಮೂರೂಕಾಲಕ್ಕೆ ಟವೆಲ್ ಎದ್ದಿತು. ಅಣ್ಣ ನಿಮ್ಮ ಕಚೇರಿಗೆ ಫೋನ್ ಮಾಡಿದ. "ಇಲ್ಲಿ ಏನೂ ಇಲ್ಲ ರೀ, ಯಂತ್ರ ಸೊನ್ನೆ ತೋರಿಸ್ತಿದೆ. ಸುಮ್ನೆ ಗಾಬರಿ ಆಗಬೇಡಿ" ಎಂದು ಉತ್ತರ ಬಂತು. ಅಣ್ಣನ ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದರಲ್ಲಿ ಫೋನು. ಜೇಬಿನಲ್ಲಿ ನಿಮ್ಮ ಮೆಮೊ. ಅವನು ಬಾವುಟವನ್ನು ಮಡಚಿ ಇಟ್ಟ. ಇದೇ ಅವನ ತಪ್ಪು, ಇದನ್ನು ನಾನು ಮುಚ್ಚಿಡುವುದಿಲ್ಲ. ಹತ್ತು ನಿಮಿಷದಲ್ಲಿ ಎರಡು ದೋಣಿ ಮಗುಚಿದವು. ಹತ್ತಿರದ್ದರಲ್ಲಿ ಒಬ್ಬ ತಾಯಿ, ಎರಡು ಹೆಣ್ಣುಮಕ್ಕಳು. ದೂರದ್ದರಲ್ಲಿ ನನ್ನವರು. ತಲೆಗೆ ದೋಣಿಯ ಅಂಚು ಬಡಿದಿತ್ತಂತೆ, ಆದರೂ ಮಗುಚಿದ ದೋಣಿ ಹಿಡಿದುಕೊಂಡು, ಮೊದಲು ಅವರ ಹತ್ತಿರ ಹೋಗು ಎಂದು ಕೈ ಬೀಸಿದರಂತೆ. ಅಣ್ಣ ಅರವತ್ತರ ಹತ್ತಿರದ ಮೈಯಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಆ ಮೂವರನ್ನು ದಡಕ್ಕೆ ತಂದ. ಎರಡನೆಯ ಸಲ ಹೋಗುವಷ್ಟರಲ್ಲಿ ಅಲ್ಲಿ ದೋಣಿಯೊಂದೇ ಇತ್ತು.

ನಿಮ್ಮ ವರದಿಯಲ್ಲಿ ಆ ಮೂವರ ಸುದ್ದಿಯೇ ಇಲ್ಲ. ಅದರಲ್ಲಿರುವುದು ಇದು: "ಯಂತ್ರದ ದಾಖಲೆಯಂತೆ ಗಾಳಿಯು ಶಾಂತವಾಗಿತ್ತು. ಸ್ಥಳೀಯವಾಗಿ ಹಠಾತ್ ಗಾಳಿ ಎದ್ದಿದ್ದಲ್ಲಿ ಅದನ್ನು ಗಮನಿಸಿ ಕೆಂಪು ಬಾವುಟ ಏರಿಸುವುದು ಕಾವಲುಗಾರನ ಹೊಣೆಯಾಗಿದ್ದು, ಆತನು ಅದರಲ್ಲಿ ವಿಫಲನಾಗಿದ್ದಾನೆ." ಆ ವರದಿಯ ಮೇಲೆ ಅವನ ಕೆಲಸವೂ ಹೋಯಿತು. ಗಮನಿಸಿದರೆ ಮೆಮೊ, ಗಮನಿಸದಿದ್ದರೆ ವಜಾ. ಕೈಯನ್ನು ಹಿಂದಕ್ಕೆ ಕಟ್ಟಿ, ಯಾಕಯ್ಯ ಚಪ್ಪಾಳೆ ತಟ್ಟಲಿಲ್ಲ ಎಂದು ಕೇಳಿದ ಹಾಗಾಯಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಈಗ ಕಟ್ಟೆಯಲ್ಲಿ ಒಂದು ದೊಡ್ಡ ಬೋರ್ಡು ನಿಲ್ಲಿಸಿದ್ದೀರಿ. ಅದರ ಮೇಲೂ ಅದೇ ದುಂಡು ಮುಖ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು, ಇಲ್ಲದಿದ್ದರೆ ಈ ಪತ್ರ ಬರೆಯಲು ನನಗೆ ಮುಖವಿಲ್ಲ. ಅಂಗಡಿಯ ತಗಡು ಬಡಿದದ್ದನ್ನೂ ಮರೆತು ನಾನು ನಿಮ್ಮ ವರದಿಯನ್ನು ನಂಬಿದೆ. ಮುದ್ರೆ ಇತ್ತು, ಸಹಿ ಇತ್ತು, ಗಾಳಿ ಇರಲಿಲ್ಲ ಎಂದು ಯಂತ್ರವೇ ಹೇಳಿತ್ತು. ಗಾಳಿ ಎದ್ದದ್ದು ಕೆರೆಯ ಮೇಲೆ ಮಾತ್ರವಾದರೆ, ಅಣ್ಣ ಅಲ್ಲಿ ಕೂತು ಏನು ಮಾಡುತ್ತಿದ್ದ? ನಿದ್ದೆ ಹೋಗಿದ್ದನೇ? ಕಾರ್ಯವೆಲ್ಲ ಮುಗಿದ ಮೇಲೆ ಅವನು ಬಂದು ಬಾಗಿಲು ತಟ್ಟಿದಾಗ ನಾನು ತೆಗೆಯಲಿಲ್ಲ. "ಒಂದ್ ಮಾತು ಕೇಳು ತಂಗಿ" ಎಂದ. ಒಳಗಿನಿಂದಲೇ, "ನಿನ್ನ ಬಾವುಟ ನೋಡಿ ಇಳಿದರು, ಹೋಗು" ಎಂದೆ. ಮೂರು ತಿಂಗಳು ಅವನು ಬರಲಿಲ್ಲ, ನಾನು ಕರೆಯಲಿಲ್ಲ. ಚಿಕ್ಕಂದಿನಿಂದ ನನ್ನನ್ನು ಬೆನ್ನ ಮೇಲೆ ಹೊತ್ತು ಈಜು ಕಲಿಸಿದ ಅಣ್ಣ ಅವನು.

ಮೂರು ತಿಂಗಳಾದ ಮೇಲೆ ನಿಮ್ಮ ಕಚೇರಿಯ ಜವಾನರು ಅಂಗಡಿಗೆ ಬಂದರು. ಕೈಯಲ್ಲೊಂದು ಕ್ಯಾನ್ವಾಸ್ ಚೀಲ. ಅಂಚಿಗೆ ನೀಲಿ ದಾರದ ಜೋಡಿ ಹೊಲಿಗೆ. ನೋಡಿದ ಕೂಡಲೇ ಗುರುತಾಯಿತು, ನನ್ನ ಕೈಯ ಕೆಲಸ. ಬೇಸಿಗೆಯಲ್ಲಿ ನಿಮ್ಮ ಕಟ್ಟಡಕ್ಕೆ ಬಣ್ಣ ಹೊಡೆಸುವಾಗ, ಗಾಳಿಯ ವೇಗ ಅಳೆಯುವ ಮಹಡಿ ಮೇಲಿನ ಗಾಳಿಯಂತ್ರದ ತಿರುಗುವ ಬಟ್ಟಲುಗಳಿಗೆ ಬಣ್ಣ ಸಿಡಿಯದಿರಲಿ ಎಂದು ಇದೇ ಜವಾನರು ಬಂದು ಹೊಲಿಸಿಕೊಂಡು ಹೋಗಿದ್ದರು. ಎರಡೇ ದಿನದ ಮಟ್ಟಿಗೆ, ಆದರೆ ಗಾಳಿಯೂ ನುಸುಳದ ಹಾಗೆ ಇರಲಿ ಎಂದಿದ್ದರು. ಹಾಗೆಯೇ ಹೊಲಿದುಕೊಟ್ಟಿದ್ದೆ. ಈಗ ಅದರ ಲಾಡಿ ತುಂಡಾಗಿತ್ತು, ಹೊಸದು ಹಾಕಬೇಕಂತೆ.

"ಇದನ್ನ ಕತ್ತರಿಸಿದ್ದಾರಲ್ಲ, ಯಾಕೆ?" ಎಂದೆ.

"ಗಂಟು ಬಿಗಿದುಹೋಗಿತ್ತಮ್ಮ. ಬಣ್ಣದೋರು ಹೋದಮೇಲೆ ಬಿಚ್ಚೋಕೆ ಎಲ್ಲರೂ ಮರೆತ್ರು. ಅವರು ಬಿಚ್ತಾರೆ ಅಂತ ಇವರು, ಇವರು ಬಿಚ್ತಾರೆ ಅಂತ ಅವರು. ಕೊನೆಗೆ ಸಾಹೇಬ್ರೇ ಓಡಿಬಂದು, ಬೇಗ ಕತ್ತರಿಸು ಅಂದ್ರು."

"ಯಾವತ್ತು?"

ಅವರು ನನ್ನ ಮುಖ ನೋಡಿದರು. ಅಂಗಡಿಯ ಗೋಡೆಯ ಮೇಲಿದ್ದ ನನ್ನವರ ಫೋಟೊ ನೋಡಿದರು. ಸ್ಟೂಲಿನ ಮೇಲೆ ಕೂತುಬಿಟ್ಟರು. "ಆ ಭಾನುವಾರದ ಮಾರನೇ ದಿನ ಬೆಳಗ್ಗೆ" ಎಂದರು. ಆಮೇಲೆ, "ನಾನೇ ಹೇಳ್ದೆ ಅಂತ ಬರೀರಿ. ಈ ತಿಂಗಳು ನನ್ನ ಸರ್ವೀಸ್ ಮುಗಿಯುತ್ತೆ. ನಂಗೂ ನಿದ್ದೆ ಬರ್ತಿಲ್ಲ" ಎಂದರು. ಅವರ ಸರ್ವೀಸು ಮುಗಿದು ಎರಡು ವಾರವಾಯಿತು, ಆದ್ದರಿಂದ ಬರೆದಿದ್ದೇನೆ.

ಮಾನ್ಯರೇ, ಸೋಮವಾರ ಬೆಳಗ್ಗೆ ನಿಮ್ಮ ಕಣ್ಣೆದುರೇ ಲಾಡಿ ಕತ್ತರಿಸಲಾಯಿತು. ಅಂದೇ ಹೊತ್ತು ಮುಳುಗುವ ಮೊದಲು ನನ್ನವರಿಗೆ ಮಣ್ಣು ಕೊಟ್ಟೆವು. ಅದಾಗಿ ಹತ್ತು ದಿನಕ್ಕೆ ತಾವು "ಯಂತ್ರದ ದಾಖಲೆಯಂತೆ" ಎಂದು ಬರೆದಿರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ, ಪಾಪ, ಅದಕ್ಕೆ ತಿಳಿಯದು. ತಾವು ಕಣ್ಣು ತೆರೆದುಕೊಂಡೇ ಕುಡಿದಿರಿ. ಚೀಲ ಮರೆತದ್ದನ್ನು ನಾನು ಕ್ಷಮಿಸಬಲ್ಲೆ. ನಾನೂ ಸೂಜಿಯನ್ನು ಬಟ್ಟೆಯಲ್ಲೇ ಮರೆತು ಗಿರಾಕಿಗೆ ಕೊಟ್ಟವಳೇ. ಆದರೆ ಚುಚ್ಚಿದ್ದು ಅವರ ಮೈಯ ತಪ್ಪು ಎಂದು ಯಾವತ್ತೂ ಹೇಳಲಿಲ್ಲ.

ಚೀಲವನ್ನು ತೆಗೆದುಕೊಂಡು ಅಣ್ಣನ ಮನೆಗೆ ಹೋದೆ. ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಆ ಕಿಟಕಿಯಿಂದ ಕೆರೆ ಕಾಣುತ್ತದೆ. ಎಲ್ಲ ಹೇಳಿದೆ. ಅವನು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದ. "ನಿನ್ನ ಹೊಲಿಗೆ ಗಟ್ಟಿ ಕಣೇ" ಎಂದ. ಅದನ್ನು ಕೇಳಿ ನಾನು ಅತ್ತಷ್ಟು ನನ್ನವರು ಹೋದಾಗಲೂ ಅತ್ತಿರಲಿಲ್ಲ. ಅವನು ಚೀಲವನ್ನು ನನಗೆ ಹಿಂದಿರುಗಿಸುತ್ತ, "ಚೀಲ ಕಟ್ಟಿದ್ದು ಯಂತ್ರಕ್ಕೆ, ನನ್ನ ಕಣ್ಣಿಗಲ್ಲವಲ್ಲ. ಟವೆಲ್ ಎದ್ದಿದ್ದು ನೋಡಿದ್ದೆ. ಒಂದೂವರೆ ವರ್ಷದ ನೌಕರಿಗೆ ಹೆದರಿ ಬಾವುಟ ಮಡಚಿಟ್ಟೆ" ಎಂದ. ಮನೆಗೆ ಬಾ ಎಂದು ಕರೆದೆ. ತಲೆಯಾಡಿಸಿದ, ಬರಲಿಲ್ಲ. ನೋಡಿ, ತಾವು ಹೊರಬೇಕಾದದ್ದನ್ನೂ ತನ್ನದರ ಜೊತೆ ಸೇರಿಸಿ ಹೊತ್ತು ಕೂತಿದ್ದಾನೆ ಅವನು. ತನ್ನ ಪಾಲನ್ನು ಅವನು ಹೇಗೂ ಇಳಿಸುವವನಲ್ಲ. ನಿಮ್ಮ ಪಾಲನ್ನಾದರೂ ತಾವು ಬಂದು ಎತ್ತಿಕೊಳ್ಳಿ.

ಆದ್ದರಿಂದ ನಾನು ಕೇಳುವುದು ಇಷ್ಟೇ. ಪೇಪರಿನಲ್ಲಿ ದುಂಡು ಮುಖ ನಗುವ ಅದೇ ಮೂಲೆಯಲ್ಲಿ, ಅದೇ ಅಳತೆಯಲ್ಲಿ, ಒಂದು ದಿನ ಮುಖ ಬೇಡ, ಮಾತು ಹಾಕಿಸಿ: ಆ ಒಂಬತ್ತು ದಿನ ನಮ್ಮ ಯಂತ್ರದ ಮೇಲೆ ಚೀಲವಿತ್ತು, ಕೆಂಪು ಬಾವುಟ ಏರಿಸದಂತೆ ಕಾವಲುಗಾರನ ಕೈ ಕಟ್ಟಿದವರು ನಾವು, ಆತ ಅಂದು ಮೂವರನ್ನು ಉಳಿಸಿದ. ಕೆಳಗೆ ತಮ್ಮ ಸಹಿ. ನಾಲ್ಕನೇ ಕಲಮನ್ನು ಕಿತ್ತು ಹಾಕಿ. ಚೀಲ ನನ್ನ ಬಳಿಯೇ ಇದೆ. ಲಾಡಿ ಹಾಕಿಲ್ಲ, ಹಾಕುವುದೂ ಇಲ್ಲ. ಬೇಕಾದರೆ ತಾವೇ ಬಂದು ಕೇಳಬೇಕು.

ಇದನ್ನು ಬರೆಯುತ್ತಿರುವುದು ಭಾನುವಾರ ಮಧ್ಯಾಹ್ನ. ಇಂದಿನ ಮುನ್ಸೂಚನೆ ನಗುತ್ತಿದೆ. ಅಂಗಡಿ ಮುಂದಿನ ಕಂಬಿಯ ಮೇಲೆ ಒದ್ದೆ ಟವೆಲ್ ಹಾಕಿದ್ದೆ, ಈಗಷ್ಟೇ ಎದ್ದು ಬಿತ್ತು. ಇಲ್ಲಿಂದ ಕಾಣುತ್ತಿದೆ, ಕಟ್ಟೆಯಲ್ಲಿ ಹಸಿರು ಹಾರುತ್ತಿದೆ, ನೀರಿನ ಮೇಲೆ ಏಳು ದೋಣಿಗಳಿವೆ. ಕೆಂಪು ಬಟ್ಟೆ ನನ್ನಲ್ಲಿ ಬೇಕಾದಷ್ಟಿದೆ. ಹೋಗಿ ಏರಿಸುತ್ತೇನೆ. ದಾರಿಯಲ್ಲಿ ಅಣ್ಣನ ಬಾಗಿಲು ತಟ್ಟುತ್ತೇನೆ. ಮೆಮೊ ಕಳಿಸುವುದಿದ್ದರೆ ಈ ಸಲ ನನ್ನ ಹೆಸರಿಗೆ ಕಳಿಸಿ, ಅಂಗಡಿಯ ವಿಳಾಸ ನಿಮ್ಮ ಕಚೇರಿಗೆ ಗೊತ್ತಿದೆ.

ಇಂತಿ,
ಎರಡೇ ದಿನಕ್ಕೆಂದು ಗಟ್ಟಿಯಾಗಿ ಹೊಲಿದುಕೊಟ್ಟವಳು