ಅಪ್ಪ ತಿರುಗಿಸುವ ಗುಂಡಿಗಳು

ನೆಲಮಾಳಿಗೆ, ಸ್ಟುಡಿಯೋ
ಮಾರ್ಚ್ 11, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ, ಇಲ್ಲ ಹಡಗಿನವರೆಲ್ಲ ಸೇರಿ ನಿನ್ನನ್ನು ಇನ್ನೂ ಚಾಪೆಯಂತೆ ಸುತ್ತಿ ಮೂಲೆಗಿಟ್ಟಿದ್ದಾರೆಯೇ? ನಿನ್ನ ಹಿಂದಿನ ಪತ್ರದಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಮಲಗಿಕೊಂಡೇ ಬರೆದಿದ್ದೀಯ ಎಂದು ಅಮ್ಮ ಕಂಡುಹಿಡಿದು ಕಣ್ಣೀರು ಹಾಕಿದಳು. ಎದ್ದು ಕೂತು ನಾಲ್ಕು ಸಾಲು ಬರೆದು ಹಾಕು ಮಾರಾಯ, ಅವಳ ಜೀವಕ್ಕೆ ಸಮಾಧಾನವಾಗಲಿ. ಅಮ್ಮ ಆರಾಮವಾಗಿದ್ದಾಳೆ. ಮೇಲಿನಿಂದ ಅಪ್ಪನನ್ನು ಕೂಗುವುದನ್ನು ಮಾತ್ರ ಬಿಟ್ಟಿದ್ದಾಳೆ. ಮೆಟ್ಟಿಲಿಳಿದು ಬಂದು, ಭುಜ ತಟ್ಟಿ ಊಟಕ್ಕೆ ಕರೆಯುತ್ತಾಳೆ. ಅಪ್ಪನೂ ಗಟ್ಟಿಮುಟ್ಟಾಗಿದ್ದಾರೆ, ಕೋಪ ಎಂದಿನಂತೆ ಮೂಗಿನ ತುದಿಯಲ್ಲಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಏನಾದರೊಂದು ತಮಾಷೆ ಮಾಡಿ ಮಾತು ಹಾರಿಸಿಬಿಡುತ್ತೀಯ. ಕಾಗದದ ಮುಂದೆ ನಿನ್ನ ಆಟ ನಡೆಯುವುದಿಲ್ಲ.

ಅಪ್ಪನ ಕಂಪ್ರೆಸರ್ ನೆನಪಿದೆ ತಾನೆ? ಅದರ ಮೇಲೆ ಟೀ ಲೋಟ ಇಟ್ಟದ್ದಕ್ಕೆ ನೀನು ತಿಂದ ಬೈಗುಳ ನನಗೇ ಇನ್ನೂ ಮರೆತಿಲ್ಲ. ಪಿಸುಮಾತನ್ನು ಮೇಲೆತ್ತಿ, ಕೂಗನ್ನು ಕೆಳಗೊತ್ತಿ, ಹಾಡುವವರ ದನಿಯನ್ನು ಒಂದು ಹದದಲ್ಲಿ ಹಿಡಿಯುವ ಆ ಕಬ್ಬಿಣದ ಪೆಟ್ಟಿಗೆಗೆ ಈ ಮನೆಯಲ್ಲಿರುವ ಮರ್ಯಾದೆ ನಮ್ಮಿಬ್ಬರಿಗೆ ಎಂದೂ ಸಿಕ್ಕಿದ್ದಿಲ್ಲ. ಅದರ ಮೇಲೆ ಲಿಮಿಟರ್ ಇದೆ. ದನಿ ಎಷ್ಟೇ ಏರಿದರೂ ಒಂದು ಗೆರೆ ದಾಟಲು ಬಿಡದ ಪೆಟ್ಟಿಗೆ, ಥೇಟ್ ಅಪ್ಪನೇ. ಒಳಗಿನ ಬಲ್ಬುಗಳು ಬಿಸಿಯಾಗುವ ತನಕ ಅಪ್ಪ ಇಂದಿಗೂ ಯಾರ ಜೊತೆಗೂ ಮಾತಾಡುವುದಿಲ್ಲ. ಆಮೇಲೆ ಕನ್ನಡಕ ಏರಿಸಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, "ಈಗ ಕೇಳು, ಹೇಗೆ ಉಸಿರಾಡ್ತಿದೆ" ಅನ್ನುತ್ತಾರೆ.

ವಿಷಯಕ್ಕೆ ಬರುತ್ತೇನೆ. ಅಪ್ಪನ ಕಿವಿ ಮಂದವಾಗಿದೆ. ಮೆಲುದನಿ ಅವರಿಗೆ ಕೇಳಿಸುವುದೇ ಇಲ್ಲ. ಅದಕ್ಕೇ ಪ್ರತಿ ಹಾಡನ್ನೂ ಆ ಪೆಟ್ಟಿಗೆಯಲ್ಲಿ ಹಿಂಡಿ ಹಿಪ್ಪೆ ಮಾಡತೊಡಗಿದರು. ಹೋದ ವರ್ಷ ಗಾಯಕಿಯೊಬ್ಬಳು ಇಲ್ಲಿ ಜೋಗುಳ ಹಾಡಿ ಹೋದವಳು, ಮರುದಿನ ಬಂದು ನನ್ನನ್ನು ಪಕ್ಕಕ್ಕೆ ಕರೆದಳು. "ಮಗು ಮಲಗಿಸೋ ಹಾಡು ಕಣೇ ಇದು, ಪೊಲೀಸ್ ಜೀಪಿನ ಮೈಕಲ್ಲಿ ಹಾಡಿದ ಹಾಗಿದೆ" ಅಂದಳು. ನನಗೆ ನಗು ಬಂತು. ಅಪ್ಪನಿಗೆ ಮೆಲ್ಲಗೆ ಹೇಳಿ ನೋಡಿದೆ. "ನನ್ನ ಕಿವಿಗೇ ಪಾಠ ಹೇಳ್ತೀಯಾ? ನಿನ್ನಣ್ಣನಿಗಿತ್ತು ಕಿವಿ, ಅವನು ಹೇಳಿದ್ರೆ ಕೇಳ್ತಿದ್ದೆ" ಅಂದರು. ನೀನು ಇಲ್ಲಿದ್ದಾಗ ನಿನ್ನ ಮಾತನ್ನು ಎಷ್ಟು ಕೇಳಿದ್ದರೋ ದೇವರೇ ಬಲ್ಲ! ಅವರು ಊಟಕ್ಕೆ ಹೋದಾಗ ಪೆಟ್ಟಿಗೆಯ ಹಿಂದಿರುವ ಬೈಪಾಸ್ ಸ್ವಿಚ್ಚನ್ನು ಒತ್ತಿಬಿಟ್ಟೆ. ಅಂದಿನಿಂದ ದನಿ ಆ ಪೆಟ್ಟಿಗೆಯ ಗೊಡವೆಯೇ ಇಲ್ಲದೆ ನೇರ ಹೊರಗೆ ಹೋಗುತ್ತಿದೆ. ಮೀಟರಿನ ಮುಳ್ಳು ಮಾತ್ರ ಮೊದಲಿನಂತೆಯೇ ಕುಣಿಯುತ್ತದೆ. ಹಾಡಿನ ಸದ್ದು ಕಡಿಮೆಯಾಯಿತು ಎಂದು ಅವರಿಗೆ ಅನುಮಾನ ಬಾರದಿರಲೆಂದು ಸ್ಪೀಕರುಗಳನ್ನು ತುಸು ಜೋರು ಮಾಡಿದೆ.

ಒಂದು ದಿನದ ಮಟ್ಟಿಗೆ ಅಂದುಕೊಂಡಿದ್ದೆ ಕಣೋ. ಆದರೆ ಅಂದು ಅಪ್ಪ ಯಾವುದಕ್ಕೂ ಸಂಬಂಧವಿಲ್ಲದ ಆ ಗುಂಡಿಯನ್ನು ತಿರುಗಿಸಿ, ಕಣ್ಣು ಮುಚ್ಚಿ, "ಹಾಂ, ಈಗ ಬಂತು ನೋಡು!" ಅಂದರು. ಎದುರಿಗಿದ್ದ ಕೊಳಲಿನವನು ತಾನೂ ತಲೆದೂಗಿದ. ಅಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ, ಮರುದಿನವೂ ಬರಲಿಲ್ಲ. ಈಗ ಅವರು ಗುಂಡಿ ತಿರುಗಿಸುತ್ತಾರೆ, ಹಾಡಿನವರು ಹೋದ ಮೇಲೆ ಮೇಜಿನ ಕೆಳಗಿರುವ ಇನ್ನೊಂದು ಸಣ್ಣ ಕಂಪ್ರೆಸರಿನಲ್ಲಿ ನಾನು ಕದ್ದು ಕೆಲಸ ಮುಗಿಸುತ್ತೇನೆ. ಊರೆಲ್ಲ ಅಪ್ಪನ ಕೈಗುಣ ಹೊಗಳುತ್ತದೆ. ನನಗೆ ಜ್ವರ ಬರುವ ಹಾಗಿಲ್ಲ, ಗೆಳತಿಯ ಮದುವೆಗೂ ಹೋಗುವ ಹಾಗಿಲ್ಲ. ನಾನಿಲ್ಲದ ದಿನ ಬೇರೆ ಯಾರಾದರೂ ಬಂದು ಕೂತರೆ ಗುಟ್ಟು ರಟ್ಟಾಗುತ್ತದೆ. ಈ ಕೋಣೆ ನಿನಗೆ ಗೊತ್ತಲ್ಲ. ಗೋಡೆಗೆಲ್ಲ ಕಂಬಳಿ, ಒಂದರ ಹಿಂದೊಂದು ಎರಡು ಬಾಗಿಲು, ಕಿಟಕಿ ಅನ್ನುವುದೇ ಇಲ್ಲ. ಕೆಂಪು ದೀಪ ಹತ್ತಿತೆಂದರೆ ಹೊರಗೆ ಹಗಲೋ ಇರುಳೋ ತಿಳಿಯುವುದಿಲ್ಲ. ಒಮ್ಮೊಮ್ಮೆ ಉಸಿರು ಕಟ್ಟಿ ಎದ್ದು ಬಾಗಿಲಿನ ತನಕ ಹೋಗಿ, ಮತ್ತೆ ಬಂದು ಕೂರುತ್ತೇನೆ.

ದೊಡ್ಡ ಊರಿನ ನಾಟಕಮಂದಿರವೊಂದು ನನ್ನನ್ನು ಧ್ವನಿಯ ಕೆಲಸಕ್ಕೆ ಕರೆದಿದೆ. ಸ್ವಂತ ಕೋಣೆ, ಅದಕ್ಕೆ ಕಿಟಕಿ ಬೇರೆ! ತಿಂಗಳ ಕೊನೆಯೊಳಗೆ ಉತ್ತರ ಬೇಕಂತೆ. ನನಗೆ ಹೋಗಬೇಕು ಅಣ್ಣಾ, ತುಂಬಾ ಆಸೆಯಾಗಿದೆ. ನೀನು ರಜೆ ಹಾಕಿ ಬಾ. ಅಪ್ಪನ ಪಕ್ಕ ಕೂತು, ಅವರ ಕಿವಿಯ ವಿಷಯವನ್ನು ನೀನೇ ಹೇಳು. ನಾನು ಹೇಳಿದರೆ ಅಹಂಕಾರ, ನೀನು ಹೇಳಿದರೆ ತಿಳಿವಳಿಕೆ. ಈ ಮನೆಯ ನ್ಯಾಯ ಮೊದಲಿನಿಂದಲೂ ಅದೇ. ಹೊಟ್ಟೆಯುರಿಯಿಂದ ಹೇಳುತ್ತಿದ್ದೇನೆ ಅಂದುಕೋ, ಪರವಾಗಿಲ್ಲ.

ಅಮ್ಮನ ಆಶೀರ್ವಾದ ಈ ಕಾಗದದಲ್ಲೇ ಇದೆ. ಬೆಚ್ಚಗೆ ಹೊದ್ದುಕೊಂಡು ಮಲಗು, ಭಾರ ಎತ್ತಬೇಡ.

ನಿನ್ನ ತರಲೆ ತಂಗಿ

ಮತ್ತೊಂದು ವಿಷಯ: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹೋದ ವಾರ ಅಪ್ಪ ಇಲ್ಲದಾಗ, ನೀನು ಬಂದರೆ ತೋರಿಸೋಣವೆಂದು ಒಂದು ಹಾಡು ಹಾಕಿ ಆ ಬೈಪಾಸ್ ಸ್ವಿಚ್ ಒತ್ತಿ ಕೇಳಿದೆ, ಬಿಟ್ಟು ಕೇಳಿದೆ. ನನಗೂ ವ್ಯತ್ಯಾಸ ತಿಳಿಯಲಿಲ್ಲ. ಕೂಡಲೇ ಕಿವಿಯ ಡಾಕ್ಟರ ಹತ್ತಿರ ಓಡಿದೆ. ದಿನವಿಡೀ ಜೋರು ಸದ್ದಿನ ಪಕ್ಕ ಕೂತು ಹೀಗಾಗಿದೆ, ಹೋದದ್ದು ವಾಪಸು ಬರುವುದಿಲ್ಲ ಅಂದರು. ಸ್ಪೀಕರುಗಳನ್ನು ತುಸು ಜೋರು ಮಾಡಿದ್ದೆ ಅಂದೆನಲ್ಲ, ಆಮೇಲೆ ಆಗಾಗ ಇನ್ನೂ ಏರಿಸುತ್ತಲೇ ಹೋಗಿದ್ದೆ. ನಾಟಕಮಂದಿರಕ್ಕೆ ಏನು ಬರೆಯಲಿ, ನೀನೇ ಹೇಳು. ಅಪ್ಪನಿಗೆ ಅವರ ಕಿವಿಯ ವಿಷಯ ಮಾತ್ರ ಹೇಳು. ನನ್ನದನ್ನು ಹೇಳಬೇಡ.